ಡಿಸ್ಕ್ ಸತ್ತಿಲ್ಲ, ಕಾಣುತ್ತಿಲ್ಲ ಅಷ್ಟೆ

ಮುಂಗಾರು ಶುರುವಾದ ಹೊತ್ತು. ಕಂಪ್ಲಿಯಿಂದ ಗೊಬ್ಬರದ ಅಂಗಡಿಯವರೊಬ್ಬರು ಹೊಸಪೇಟೆಗೆ ನನ್ನ ಹತ್ತಿರ ಬಂದರು. ಲ್ಯಾಪ್‌ಟಾಪನ್ನು ಟವೆಲಿನಲ್ಲಿ ಸುತ್ತಿ ಕೈಚೀಲದಲ್ಲಿಟ್ಟು, ಬಸ್ಸಿನಲ್ಲಿ ದಾರಿಯುದ್ದಕ್ಕೂ ತೊಡೆಯ ಮೇಲೇ ಇಟ್ಟುಕೊಂಡು ಬಂದಿದ್ದರು. ಕೂತವರೇ, “ಡಿಸ್ಕ್ ಹೋಗೈತಂತ್ರೀ ಸರ್. ಹೊಸದು ಹಾಕಿಸ್ಬೇಕಂತ. ನಾಕು ವರ್ಷದ ಲೆಕ್ಕ ಎಲ್ಲಾ ಅದ್ರಾಗೇ ಐತಿ” ಎಂದರು.

ಕರೆಂಟು ಹೋಗಿ ಬಂದ ಗಲಾಟೆಯಲ್ಲಿ ವಿಂಡೋಸ್ ಕೆಟ್ಟಿತ್ತು. ರಿಪೇರಿಗೆ ಕೊಟ್ಟ ಕಡೆ ಪೆನ್‌ಡ್ರೈವ್ ಹಾಕಿ ಹೊಸ ವಿಂಡೋಸ್ ಹಾಕಲು ನೋಡಿದ್ದಾರೆ. ಎಲ್ಲಿ ಹಾಕಬೇಕು ಎಂದು ಕೇಳುವ ಪರದೆಯಲ್ಲಿ ಡಿಸ್ಕುಗಳ ಪಟ್ಟಿ ಖಾಲಿ ಬಂದಿದೆ, ಯಾವ ಡ್ರೈವೂ ಸಿಗಲಿಲ್ಲ ಎಂಬ ಒಂದು ಸಾಲು ಮಾತ್ರ. ಅಷ್ಟಕ್ಕೇ ‘ಡಿಸ್ಕ್ ಡೆಡ್’ ಎಂದು ತೀರ್ಮಾನಿಸಿ ಹೊಸ ಎಸ್‌ಎಸ್‌ಡಿಯ ಬೆಲೆ ಹೇಳಿ ಕಳಿಸಿದ್ದಾರೆ. ಇವರ ಚಿಂತೆ ಡಿಸ್ಕಿನ ಬೆಲೆಯದಲ್ಲ, ಉದ್ರಿ ಪಟ್ಟಿಯದು. ಯಾವ ರೈತ ಎಷ್ಟು ಚೀಲ ಒಯ್ದಿದ್ದಾನೆ, ಭತ್ತ ಮಾರಿದ ಮೇಲೆ ಎಷ್ಟು ಕೊಡಬೇಕು ಎಂಬುದೆಲ್ಲ ಆ ಡಿಸ್ಕಿನಲ್ಲಿತ್ತು.

ನಾನು ಲಿನಕ್ಸ್ ಮಿಂಟ್ ಇರುವ ಪೆನ್‌ಡ್ರೈವ್ ಹಾಕಿ, ಏನನ್ನೂ ಇನ್‌ಸ್ಟಾಲ್ ಮಾಡದೆ, ಪೆನ್‌ಡ್ರೈವಿನಿಂದಲೇ ಚಾಲೂ ಮಾಡಿದೆ. ಡಿಸ್ಕ್ ಕಣ್ಣೆದುರಿಗೆ ಬಂತು. ಟ್ಯಾಲಿಯ ಫೋಲ್ಡರ್ ತೆರೆದು ತೋರಿಸಿದಾಗ ಅವರು ಎದ್ದು ನಿಂತರು. ಮೊದಲು ಅದನ್ನು ಬೇರೊಂದು ಪೆನ್‌ಡ್ರೈವಿಗೆ ಎತ್ತಿಕೊಂಡು, ಆಮೇಲೆ ಒಂದು ಪುಟ್ಟ ಡ್ರೈವರ್ ಕೊಟ್ಟು ಅದೇ ಡಿಸ್ಕಿಗೆ ವಿಂಡೋಸ್ ಹಾಕಿದೆ. ಡಿಸ್ಕಿಗೆ ಏನೂ ಆಗಿರಲಿಲ್ಲ.

ಇಂಥ ಲ್ಯಾಪ್‌ಟಾಪುಗಳು ಈಗ ಮೇಲಿಂದ ಮೇಲೆ ಬರುತ್ತಿವೆ. ಹಾಗಾಗಿ ಇದನ್ನು ಬರೆಯಲೇಬೇಕು ಅನಿಸಿತು. ಇನ್‌ಸ್ಟಾಲರಿಗೆ ಡಿಸ್ಕ್ ಕಾಣದೆ ಇರುವುದು ಬೇರೆ, ಡಿಸ್ಕ್ ಕೆಟ್ಟಿರುವುದು ಬೇರೆ. ಈ ವ್ಯತ್ಯಾಸ ಗೊತ್ತಿಲ್ಲದೆ ಜನ ದುಡ್ಡು ಕಳೆದುಕೊಳ್ಳುತ್ತಿದ್ದಾರೆ. ಅದಕ್ಕಿಂತ ಹೆಚ್ಚಾಗಿ ಮಗಳ ಮದುವೆಯ ಫೋಟೊ, ಪಿಎಚ್‌ಡಿ ಪ್ರಬಂಧ, ಅಂಗಡಿಯ ಲೆಕ್ಕ ಕಳೆದುಕೊಳ್ಳುತ್ತಿದ್ದಾರೆ.

ಕೆರೆ ತುಂಬಿದೆ, ತೂಬು ಮುಚ್ಚಿದೆ

ಹೊಸಪೇಟೆಯಿಂದ ಹಂಪಿಗೆ ಹೋಗುವಾಗ ಕಮಲಾಪುರದ ಕೆರೆ ಸಿಗುತ್ತದೆ. ವಿಜಯನಗರದ ಅರಸರ ಕಾಲದ್ದು, ಇಂದಿಗೂ ಗದ್ದೆಗಳಿಗೆ ನೀರು ಕೊಡುತ್ತಿದೆ. ಕೆರೆ ಎಷ್ಟೇ ತುಂಬಿರಲಿ, ತೂಬು ಎತ್ತದೆ ಗದ್ದೆಗೆ ಹನಿ ನೀರು ಬಾರದು. ಕಂಪ್ಯೂಟರಿನಲ್ಲಿ ಡಿಸ್ಕ್ ಕೆರೆಯಿದ್ದಂತೆ, ಸ್ಟೋರೇಜ್ ಡ್ರೈವರ್ ತೂಬು ಎತ್ತುವವನಿದ್ದಂತೆ.

ಪೆನ್‌ಡ್ರೈವಿನಲ್ಲಿರುವ ಇನ್‌ಸ್ಟಾಲರ್ ಕೂಡ ಒಂದು ಸಣ್ಣ ಆಪರೇಟಿಂಗ್ ಸಿಸ್ಟಂ. ಅದನ್ನು ಕಟ್ಟಿದ ದಿನದವರೆಗೆ ಬಂದಿದ್ದ ಯಂತ್ರಗಳ ಪರಿಚಯ ಮಾತ್ರ ಅದಕ್ಕಿರುತ್ತದೆ. 2009ರಲ್ಲಿ ಬಂದ ವಿಂಡೋಸ್ 7ಕ್ಕೆ ಎನ್‌ವಿಎಂಇ ಎಂಬ ಹೊಸ ಬಗೆಯ ಡಿಸ್ಕಿನ ಹೆಸರೂ ಗೊತ್ತಿಲ್ಲ. 2001ರ ಎಕ್ಸ್‌ಪಿಗೆ ಸಾಟಾ ಡಿಸ್ಕಿನ ಎಎಚ್‌ಸಿಐ ಪದ್ಧತಿಯೇ ಗೊತ್ತಿಲ್ಲ. ವಿಂಡೋಸ್ 10 ಮತ್ತು 11ಕ್ಕೆ ಎರಡೂ ಚೆನ್ನಾಗಿ ಗೊತ್ತು. ಆದರೂ ಹಲವು ಹೊಸ ಲ್ಯಾಪ್‌ಟಾಪುಗಳಲ್ಲಿ ಅವು ಡಿಸ್ಕ್ ಕಾಣದೆ ನಿಲ್ಲುತ್ತವೆ. ಅದಕ್ಕೆ ಕಾರಣ ಇಂಟೆಲ್ ನಡುವೆ ತಂದು ಕೂರಿಸಿದ ಒಬ್ಬ ಕಾವಲುಗಾರ. ಅವನ ಹೆಸರು ವಿಎಂಡಿ, ಅಂದರೆ ವಾಲ್ಯೂಮ್ ಮ್ಯಾನೇಜ್‌ಮೆಂಟ್ ಡಿವೈಸ್.

ಇಂಟೆಲಿನ 11ನೇ ತಲೆಮಾರಿನ ಪ್ರೊಸೆಸರ್‌ಗಳಿಂದ, ಅಂದರೆ 2020ರ ಕೊನೆಯಿಂದ ಈಚೆಗೆ, ಮನೆ ಬಳಕೆಯ ಲ್ಯಾಪ್‌ಟಾಪುಗಳಲ್ಲೂ ಈ ವಿಎಂಡಿ ಚಾಲೂ ಸ್ಥಿತಿಯಲ್ಲೇ ಬರತೊಡಗಿತು. ಹಲವು ಡಿಸ್ಕುಗಳನ್ನು ಒಟ್ಟಿಗೆ ನಿಭಾಯಿಸುವ ದೊಡ್ಡ ಸರ್ವರುಗಳಿಗೆಂದು ಮಾಡಿದ ಏರ್ಪಾಡು ಅದು. ಒಂದೇ ಡಿಸ್ಕಿರುವ ನಮ್ಮ ಲ್ಯಾಪ್‌ಟಾಪಿಗೆ ಅದರಿಂದ ಹೇಳಿಕೊಳ್ಳುವಂಥ ಲಾಭವಿಲ್ಲ. ಆದರೆ ಅದು ಚಾಲೂ ಇದ್ದಾಗ ಡಿಸ್ಕು ಅದರ ಬೆನ್ನ ಹಿಂದೆ ಮರೆಯಾಗುತ್ತದೆ. ವಿಎಂಡಿಯ ಡ್ರೈವರ್ ಇಲ್ಲದ ಇನ್‌ಸ್ಟಾಲರಿಗೆ ಕಾವಲುಗಾರನ ಗುರುತೂ ಸಿಗುವುದಿಲ್ಲ, ಹಿಂದಿರುವ ಡಿಸ್ಕೂ ಕಾಣುವುದಿಲ್ಲ. ಈಚಿನ ಲಿನಕ್ಸಿನಲ್ಲಿ ಈ ಡ್ರೈವರ್ ಒಳಗೇ ಇರುವುದರಿಂದ ಕಂಪ್ಲಿಯವರ ಡಿಸ್ಕ್ ಅದಕ್ಕೆ ಕಂಡಿತು.

ಮೊದಲು ಬಯೋಸ್ ನೋಡಿ

ಡ್ರೈವರ್ ಹುಡುಕುವ ಮೊದಲು ಬಯೋಸಿಗೆ, ಅಂದರೆ ಯಂತ್ರ ಏಳುವಾಗ ಸಿಗುವ ಅದರ ಸೆಟ್ಟಿಂಗುಗಳ ಪುಟಕ್ಕೆ, ಹೋಗಿ. ಪವರ್ ಬಟನ್ ಒತ್ತಿದ ಕೂಡಲೇ ಡೆಲ್, ಏಸರ್, ಏಸಸ್ ಆದರೆ ಎಫ್2, ಎಚ್‌ಪಿ ಆದರೆ ಎಫ್10, ಲೆನೊವೊ ಆದರೆ ಎಫ್1 ಅಥವಾ ಎಫ್2 ಒತ್ತುತ್ತಿರಬೇಕು. ಜೋಡಿಸಿದ ಡೆಸ್ಕ್‌ಟಾಪ್ ಆದರೆ ಬಹುತೇಕ ಡಿಲೀಟ್ ಕೀಲಿ. ಒಳಗೆ ಮಾಹಿತಿ ಪುಟದಲ್ಲೋ ಸ್ಟೋರೇಜ್ ಪುಟದಲ್ಲೋ ಡಿಸ್ಕಿನ ಹೆಸರು, ಮಾಡೆಲ್ ನಂಬರ್ ಇದೆಯೇ ನೋಡಿ. ಕೆಲವು ಯಂತ್ರಗಳಲ್ಲಿ ಅದು ಇಂಟೆಲ್ ರ‍್ಯಾಪಿಡ್ ಸ್ಟೋರೇಜ್ ಎಂಬ ಬೇರೆ ಪುಟದಲ್ಲಿರುತ್ತದೆ, ಅದನ್ನೂ ತೆರೆದು ನೋಡಿ.

ಅಲ್ಲಿ ಹೆಸರಿದ್ದರೆ ಡಿಸ್ಕಿನಲ್ಲಿ ಜೀವ ಇದೆ, ಬೇಕಾಗಿರುವುದು ಡ್ರೈವರ್ ಅಥವಾ ಬಯೋಸಿನ ಒಂದು ಬದಲಾವಣೆ. ಹೆಸರಿಲ್ಲದಿದ್ದರೆ ಯಾವ ಡ್ರೈವರ್ ಹಾಕಿದರೂ ಉಪಯೋಗವಿಲ್ಲ, ಯಂತ್ರವನ್ನೇ ಬಿಚ್ಚಬೇಕು.

ಬಿಚ್ಚಿದಾಗಲೂ ಡಿಸ್ಕನ್ನು ಬೇಗ ದೂರಬೇಡಿ. ಸಂಡೂರು ಕಡೆಯಿಂದ ಬರುವ ಸಿಪಿಯು ಡಬ್ಬಿಗಳ ಪಕ್ಕದ ತಗಡು ತೆಗೆದರೆ ಒಳಗೆಲ್ಲ ಕೆಂಪು. ಅದಿರಿನ ಧೂಳು ಫ್ಯಾನಿನ ರೆಕ್ಕೆಗೆ, ವೈರುಗಳ ಸಂದಿಗೆ ಕುಂಕುಮದ ಹಾಗೆ ನುಣ್ಣಗೆ ಹತ್ತಿರುತ್ತದೆ. ಬೆರಳಿಗೆ ಅಂಟಿದರೆ ಒಂದು ಸಲ ತೊಳೆದರೂ ಹೋಗುವುದಿಲ್ಲ. ಒಣ ಬ್ರಷ್ಷಿನಿಂದ ಮೆಲ್ಲಗೆ ತೆಗೆದು, ಸಾಟಾ ಕೇಬಲ್ಲಿನ ಎರಡೂ ತುದಿ ಕಿತ್ತು ಒರೆಸಿ ಮತ್ತೆ ಒತ್ತಿ ಕೂರಿಸಿದರೆ ಎಷ್ಟೋ ಡಿಸ್ಕುಗಳು ಬಯೋಸಿಗೆ ವಾಪಸ್ ಬಂದಿವೆ. ಕೇಬಲ್ ಬದಲಿಸಿಯೂ ನೋಡಿ, ಅದಕ್ಕೆ ತಗಲುವ ಖರ್ಚು ಬಹಳ ಕಡಿಮೆ. ಲ್ಯಾಪ್‌ಟಾಪಿನ ಚಿಕ್ಕ ಪಟ್ಟಿಯಂಥ ಎಂ.2 ಡಿಸ್ಕ್ ಆದರೆ ಅದರ ತುದಿಯ ಸ್ಕ್ರೂ ಬಿಗಿಯಾಗಿದೆಯೇ ನೋಡಿ.

ಹೊಸ ಎಂ.2 ಡಿಸ್ಕ್ ತಂದು ಹಾಕಿದ ಮೇಲೆ ಕಾಣುತ್ತಿಲ್ಲ ಎನ್ನುವವರು ಅದರ ಹಲ್ಲುಸಾಲು ನೋಡಬೇಕು. ಬಂಗಾರದ ಬಣ್ಣದ ಆ ಸಾಲಿನಲ್ಲಿ ಒಂದೇ ಕಚ್ಚು ಇದ್ದರೆ ಸಾಮಾನ್ಯವಾಗಿ ಎನ್‌ವಿಎಂಇ, ಎರಡು ಕಚ್ಚು ಇದ್ದರೆ ಸಾಮಾನ್ಯವಾಗಿ ಸಾಟಾ. ನೋಡಲು ಎರಡೂ ಒಂದೇ ತರಹ, ಎಷ್ಟೋ ಸ್ಲಾಟುಗಳಲ್ಲಿ ಎರಡೂ ಕೂರುತ್ತವೆ. ಆದರೆ ಎನ್‌ವಿಎಂಇಗೆ ಮಾತ್ರ ಇರುವ ಸ್ಲಾಟಿನಲ್ಲಿ ಸಾಟಾ ಡಿಸ್ಕ್ ಕೆಲಸ ಮಾಡುವುದಿಲ್ಲ. ಇದು ಡ್ರೈವರಿನಿಂದ ಸರಿಹೋಗುವ ಮಾತಲ್ಲ, ಅಂಗಡಿಗೆ ಹೋಗಿ ಬದಲಾಯಿಸಿ ತರಬೇಕು.

ವಿಎಂಡಿ ಎಂಬ ಕಾವಲುಗಾರ

ಈಗ ಕಂಪ್ಲಿಯವರ ಲ್ಯಾಪ್‌ಟಾಪಿನಂಥ ಯಂತ್ರ ನಿಮ್ಮ ಮುಂದಿದೆ ಎಂದುಕೊಳ್ಳಿ. ಬಯೋಸಿನಲ್ಲಿ ಡಿಸ್ಕಿದೆ, ವಿಂಡೋಸ್ ಇನ್‌ಸ್ಟಾಲರಿನಲ್ಲಿ ಇಲ್ಲ. ದಾರಿ ಎರಡಿವೆ. ಕಾವಲುಗಾರನನ್ನು ಒಪ್ಪಿಕೊಂಡು ಅವನ ಡ್ರೈವರ್ ಕೊಡುವುದು ಒಂದು, ಅವನನ್ನು ಬಯೋಸಿನಲ್ಲೇ ತೆಗೆದುಬಿಡುವುದು ಇನ್ನೊಂದು. ನಾನು ಮೊದಲನೆಯದನ್ನೇ ಮೆಚ್ಚುತ್ತೇನೆ. ಕಂಪನಿ ಕೊಟ್ಟ ಸ್ಥಿತಿಯಲ್ಲೇ ಯಂತ್ರ ಉಳಿಯುತ್ತದೆ, ನಾಳೆ ಯಾರೋ ಬಯೋಸ್ ರೀಸೆಟ್ ಮಾಡಿದರೂ ವಿಂಡೋಸ್ ಏಳದೆ ಕೂರುವುದಿಲ್ಲ.

ಡ್ರೈವರನ್ನು ಇನ್ನೊಂದು ಕಂಪ್ಯೂಟರಿನಲ್ಲಿ ಇಳಿಸಿಕೊಳ್ಳಬೇಕು. ಲ್ಯಾಪ್‌ಟಾಪಿನ ತಳದಲ್ಲಿರುವ ಮಾಡೆಲ್ ಅಥವಾ ಸೀರಿಯಲ್ ನಂಬರನ್ನು ತಯಾರಕರ ಸಪೋರ್ಟ್ ಪುಟದಲ್ಲಿ ಹಾಕಿದರೆ ಸ್ಟೋರೇಜ್ ವಿಭಾಗದಲ್ಲಿ ಇಂಟೆಲ್ ರ‍್ಯಾಪಿಡ್ ಸ್ಟೋರೇಜ್ ಟೆಕ್ನಾಲಜಿ, ಚುಟುಕಾಗಿ ಆರ್‌ಎಸ್‌ಟಿ, ಎಂಬುದು ಸಿಗುತ್ತದೆ. ನಿಮ್ಮ ಮಾಡೆಲಿನ ಪುಟದಿಂದಲೇ ತೆಗೆದುಕೊಳ್ಳಿ. ಆರ್‌ಎಸ್‌ಟಿಯಲ್ಲಿ ಒಂದೊಂದು ತಲೆಮಾರಿನ ಪ್ರೊಸೆಸರಿಗೆ ಒಂದೊಂದು ಆವೃತ್ತಿ ಇದೆ, ಪಕ್ಕದ ಮನೆಯ ಲ್ಯಾಪ್‌ಟಾಪಿಗೆ ಕೆಲಸ ಮಾಡಿದ್ದು ನಿಮ್ಮದಕ್ಕೆ ಆಗದಿರಬಹುದು.

ಬಹಳ ಜನ ಎಡವುವುದು ಮುಂದಿನ ಹೆಜ್ಜೆಯಲ್ಲಿ. ಇಳಿಸಿಕೊಂಡ ಫೈಲು ಇಎಕ್ಸ್‌ಇ ಆಗಿರುತ್ತದೆ. ಅದನ್ನು ಹಾಗೇ ಪೆನ್‌ಡ್ರೈವಿಗೆ ಹಾಕಿದರೆ ಇನ್‌ಸ್ಟಾಲರಿಗೆ ಅದು ಬಿಚ್ಚದ ಗಂಟು. ಒಳಗಿರುವುದನ್ನು ಹೊರಗೆ ತೆಗೆದಿಡಬೇಕು. ಕೆಲವು ಕಂಪನಿಗಳ ಫೈಲು ಡಬಲ್ ಕ್ಲಿಕ್ ಮಾಡಿದರೆ ಎಕ್ಸ್‌ಟ್ರ್ಯಾಕ್ಟ್ ಮಾಡಲೇ ಎಂದು ತಾನೇ ಕೇಳುತ್ತದೆ. ಇಂಟೆಲಿನ ಸ್ವಂತ ಫೈಲು ಕೇಳುವುದಿಲ್ಲ. ಕಮಾಂಡ್ ಪ್ರಾಂಪ್ಟ್ ತೆರೆದು ಆ ಫೈಲಿನ ಹೆಸರು ಬರೆಯಿರಿ. ಒಂದು ಜಾಗ ಬಿಟ್ಟು ಚಿಕ್ಕ ಅಡ್ಡಗೆರೆ ಹಾಕಿ, ಅದಕ್ಕಂಟಿಸಿ ‘ಎಕ್ಸ್‌ಟ್ರ್ಯಾಕ್ಟ್‌ಡ್ರೈವರ್ಸ್’ ಎಂಬುದನ್ನು ಇಂಗ್ಲಿಷಿನಲ್ಲಿ ಒಂದೇ ಪದವಾಗಿ ಬರೆಯಿರಿ. ಮತ್ತೆ ಜಾಗ ಬಿಟ್ಟು ನಿಮಗೆ ಬೇಕಾದ ಫೋಲ್ಡರಿನ ಹೆಸರು ಕೊಟ್ಟು ಎಂಟರ್ ಒತ್ತಿ.

ಫೋಲ್ಡರಿನೊಳಗೆ ಎಫ್6 ಎಂದು ಶುರುವಾಗಿ, ನಡುವೆ ವಿಎಂಡಿ ಎಂದಿರುವ ಇನ್ನೊಂದು ಫೋಲ್ಡರ್ ಸಿಗುತ್ತದೆ. ನಮಗೆ ಬೇಕಾದದ್ದು ಅದು. ಅದರಲ್ಲಿ ಮೂರು ಬಗೆಯ ಫೈಲುಗಳಿರುತ್ತವೆ. ಐಎನ್‌ಎಫ್ ಎಂದು ಮುಗಿಯುವ ಫೈಲು ಯಾವ ಯಂತ್ರಕ್ಕೆ ಏನು ಹಾಕಬೇಕು ಎಂದು ಹೇಳುವ ಚೀಟಿ, ಎಸ್‌ವೈಎಸ್ ಎಂದು ಮುಗಿಯುವುದು ಕೆಲಸ ಮಾಡುವ ಡ್ರೈವರ್, ಸಿಎಟಿ ಎಂದು ಮುಗಿಯುವುದು ಅಸಲಿ ಎಂಬುದಕ್ಕೆ ಸಹಿ. ಮೂರೂ ಒಟ್ಟಿಗೇ ಇರಬೇಕು. ಐಎನ್‌ಎಫ್ ಒಂದನ್ನೇ ಎತ್ತಿಕೊಂಡು ಬಂದರೆ ನಡೆಯುವುದಿಲ್ಲ. ಇಡೀ ಫೋಲ್ಡರನ್ನು ವಿಂಡೋಸ್ ಇರುವ ಪೆನ್‌ಡ್ರೈವಿಗೇ ಕಾಪಿ ಮಾಡಿ.

ಇನ್ನು ಇನ್‌ಸ್ಟಾಲರ್ ಚಾಲೂ ಮಾಡಿ, ಖಾಲಿ ಪಟ್ಟಿಯ ಪರದೆಯಲ್ಲಿ ‘ಲೋಡ್ ಡ್ರೈವರ್’ ಒತ್ತಿ, ಬ್ರೌಸ್ ಮಾಡಿ ಆ ಫೋಲ್ಡರ್ ತೋರಿಸಿ. ನಿಮ್ಮ ಯಂತ್ರಕ್ಕೆ ಹೊಂದುವ ಡ್ರೈವರಿನ ಹೆಸರು ಪಟ್ಟಿಯಲ್ಲಿ ಬರುತ್ತದೆ, ಅದರಲ್ಲಿ ವಿಎಂಡಿ ಎಂಬ ಪದವೂ ಇರುತ್ತದೆ. ಒಂದೂ ಬರದಿದ್ದರೆ ತಪ್ಪು ತಲೆಮಾರಿನ ಡ್ರೈವರ್ ತಂದಿದ್ದೀರಿ ಎಂದರ್ಥ. ಆಗ ಹೊಂದದ ಡ್ರೈವರುಗಳನ್ನು ಮರೆಮಾಡು ಎಂಬ ಟಿಕ್ ತೆಗೆದು ಸಿಕ್ಕಿದ್ದನ್ನು ಒತ್ತುವ ಆಸೆ ಬರುತ್ತದೆ. ಬೇಡ, ಸರಿಯಾದದ್ದನ್ನೇ ತನ್ನಿ. ಡ್ರೈವರ್ ಹೊಂದಿದರೆ ಕೆಲವು ಕ್ಷಣಗಳಲ್ಲಿ ಡಿಸ್ಕ್ ಪಟ್ಟಿಗೆ ಬರುತ್ತದೆ. ಇನ್‌ಸ್ಟಾಲ್ ಆದ ವಿಂಡೋಸಿನೊಳಕ್ಕೂ ಆ ಡ್ರೈವರ್ ತಾನಾಗಿ ಸೇರಿಕೊಳ್ಳುತ್ತದೆ, ಮತ್ತೆ ಹಾಕುವ ಕೆಲಸವಿಲ್ಲ.

ಎರಡನೆಯ ದಾರಿ, ಬಯೋಸಿನಲ್ಲಿ ವಿಎಂಡಿ ಆಫ್ ಮಾಡುವುದು. ಏಸಸ್‌ನಲ್ಲಿ ಎಫ್7 ಒತ್ತಿ ಅಡ್ವಾನ್ಸ್ಡ್ ಪುಟಕ್ಕೆ ಹೋದರೆ ಆಯ್ಕೆ ಸಿಗುತ್ತದೆ. ಹಲವು ಏಸರ್ ಮಾಡೆಲುಗಳಲ್ಲಿ ಅದನ್ನು ಅಡಗಿಸಿಟ್ಟಿರುತ್ತಾರೆ, ಮೇನ್ ಪುಟದಲ್ಲಿ ನಿಂತು ಕಂಟ್ರೋಲ್ ಮತ್ತು ಎಸ್ ಒಟ್ಟಿಗೆ ಒತ್ತಿದರೆ ಹೊರಬರುತ್ತದೆ. ಡೆಲ್‌ನಲ್ಲಿ ಸಾಟಾ ಆಪರೇಷನ್ ಅಥವಾ ಸ್ಟೋರೇಜ್ ಪುಟದಲ್ಲಿ ರೇಡ್ ಎಂದಿರುವುದನ್ನು ಎಎಚ್‌ಸಿಐ ಮಾಡಬೇಕು. ಕೆಲವು ಲ್ಯಾಪ್‌ಟಾಪುಗಳಲ್ಲಿ ಆಯ್ಕೆಯೇ ಇರುವುದಿಲ್ಲ, ಅಂಥದ್ದಕ್ಕೆ ಮೊದಲನೆಯ ದಾರಿಯೇ ಗತಿ. ಒಂದು ಮಾತು ನೆನಪಿಡಿ. ಒಳಗೆ ಈಗಾಗಲೇ ಓಡುವ ವಿಂಡೋಸ್ ಇದ್ದು ವಿಎಂಡಿ ಆಫ್ ಮಾಡಿದರೆ ನೀಲಿ ಪರದೆ ಬಂದು ಬೂಟ್ ಆಗುವ ಡಿಸ್ಕ್ ಕೈಗೆ ಸಿಗುತ್ತಿಲ್ಲ ಎನ್ನುತ್ತದೆ. ಗಾಬರಿಯಿಂದ ಫಾರ್ಮ್ಯಾಟ್ ಹೊಡೆಯಬೇಡಿ. ಮತ್ತೆ ಆನ್ ಮಾಡಿದರೆ ಎಲ್ಲ ಮೊದಲಿನಂತೆ ಏಳುತ್ತದೆ. ಎರಡು ಡಿಸ್ಕ್ ಸೇರಿಸಿ ನಿಜವಾಗಿಯೂ ರೇಡ್ ಮಾಡಿರುವ ಯಂತ್ರವಾದರೆ ಮಾತ್ರ ಈ ಆಯ್ಕೆಯನ್ನು ಮುಟ್ಟಲೇಬೇಡಿ, ದತ್ತಾಂಶ ಹೋಗಬಹುದು.

ಎಎಂಡಿ ಯಂತ್ರಗಳಲ್ಲಿ ಈ ತೊಂದರೆ ಕಡಿಮೆ. ರೇಡ್ ಚಾಲೂ ಇದ್ದರೆ ಮಾತ್ರ ಅವರ ಮೂರು ಡ್ರೈವರುಗಳನ್ನು ಒಂದಾದ ಮೇಲೊಂದರಂತೆ ಲೋಡ್ ಮಾಡಬೇಕು. ಬಾಟಮ್ ಎಂಬುದು ಮೊದಲು, ರೇಡ್ ಎಂಬುದು ಆಮೇಲೆ, ಕಾನ್ಫಿಗ್‌ನದು ಕೊನೆಗೆ.

ನಲವತ್ತೆಂಟು ಅಂಕಿ

ಬಯೋಸಿನಲ್ಲಿ ಏನನ್ನಾದರೂ ಮುಟ್ಟುವ ಮೊದಲು ಬಿಟ್‌ಲಾಕರ್ ಇದೆಯೇ ಕೇಳಿಕೊಳ್ಳಿ. ಈಚಿನ ವಿಂಡೋಸ್ 11 ಲ್ಯಾಪ್‌ಟಾಪುಗಳಲ್ಲಿ ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆದರೆ ಡಿಸ್ಕಿಗೆ ಬೀಗ ತಾನಾಗಿಯೇ ಬೀಳುತ್ತದೆ. ಎಷ್ಟೋ ಮಾಲೀಕರಿಗೆ ಇದು ಗೊತ್ತೇ ಇರುವುದಿಲ್ಲ. ಬಯೋಸ್ ಬದಲಾದ ಕೂಡಲೇ ಅದು 48 ಅಂಕಿಗಳ ರಿಕವರಿ ಕೀಲಿ ಕೇಳುತ್ತದೆ. ಲ್ಯಾಪ್‌ಟಾಪ್ ತಂದ ಮೊದಲ ದಿನ ಯಾವ ಇಮೇಲ್ ಕೊಟ್ಟಿದ್ದರೋ ಆ ಮೈಕ್ರೋಸಾಫ್ಟ್ ಖಾತೆಯಲ್ಲಿ ಕೀಲಿ ಇರುತ್ತದೆ. ಮೊಬೈಲಿನಲ್ಲಿ ಆ ಖಾತೆ ತೆರೆದು, ಹಾಳೆಯಲ್ಲಿ ಬರೆದು, ಇಬ್ಬರು ಓದಿ ಒಪ್ಪಿದ ಮೇಲೆಯೇ ಬಯೋಸಿಗೆ ಕೈ ಹಾಕಿ. ಆ ಇಮೇಲನ್ನು ಮೊಬೈಲ್ ಅಂಗಡಿಯ ಹುಡುಗ ಮಾಡಿಕೊಟ್ಟಿದ್ದು, ಪಾಸ್‌ವರ್ಡ್ ಯಾರಿಗೂ ಗೊತ್ತಿಲ್ಲ ಎಂಬುದು ನಮ್ಮ ಕಡೆ ಸಾಮಾನ್ಯ. ಆ ಗೊಂದಲ ಬಿಡಿಸಿಕೊಳ್ಳದೆ ಮುಂದಕ್ಕೆ ಹೋದರೆ, ಡಿಸ್ಕ್ ಸರಿಯಿದ್ದೂ ಒಳಗಿನದು ಶಾಶ್ವತವಾಗಿ ಹೋಗುತ್ತದೆ. ನನ್ನ ಮುಂದೆ ಕೂತು ಅತ್ತವರನ್ನು ನೋಡಿದ್ದೇನೆ.

ಹಳೆಯ ಲ್ಯಾಪ್‌ಟಾಪು, ಹಂಪಿಯ ಹೋಂಸ್ಟೇ

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ಮುಗಿಯಿತು. ಹೆಸರು ನೋಂದಾಯಿಸಿಕೊಂಡ ಮನೆ ಬಳಕೆದಾರರಿಗೆ ಭದ್ರತಾ ಅಪ್‌ಡೇಟುಗಳು 2026ರ ಅಕ್ಟೋಬರ್ 13ರವರೆಗೆ ಎಂದು ಮೈಕ್ರೋಸಾಫ್ಟ್ ಹೇಳಿತು. ವಿಂಡೋಸ್ 11ಕ್ಕೆ ಟಿಪಿಎಂ 2.0 ಚಿಪ್ ಬೇಕು, ಇಂಟೆಲ್ ಆದರೆ ಹೆಚ್ಚುಕಡಿಮೆ 8ನೇ ತಲೆಮಾರಿನಿಂದ ಮೇಲಿನದು ಬೇಕು. ಅದಕ್ಕಿಂತ ಹಳೆಯ ಯಂತ್ರಗಳಲ್ಲಿ ತಪಾಸಣೆ ದಾಟಿಸಿ ಹಾಕುವ ಉಪಾಯಗಳಿವೆ, ಡಿಸ್ಕಿನ ಡ್ರೈವರೂ ಅಲ್ಲಿ ತೊಂದರೆ ಕೊಡುವುದಿಲ್ಲ. ಆದರೆ ಅಂಥ ಯಂತ್ರಕ್ಕೆ ಅಪ್‌ಡೇಟ್ ಕೊಡುವ ಹೊಣೆ ಮೈಕ್ರೋಸಾಫ್ಟ್ ಹೊರುವುದಿಲ್ಲ. ಕೋರ್ 2 ಡ್ಯುಯೊ ಆದರೆ 24ಎಚ್2 ಆವೃತ್ತಿ ಬೂಟೇ ಆಗುವುದಿಲ್ಲ, ಅದು ಕೇಳುವ ಸೂಚನೆಗಳು ಆ ಪ್ರೊಸೆಸರಿನಲ್ಲಿ ಇಲ್ಲ. ವ್ಯವಹಾರದ ಕಂಪ್ಯೂಟರಿಗೆ ಈ ಉಪಾಯ ನಾನು ಮಾಡಿಕೊಡುವುದಿಲ್ಲ.

ಹಂಪಿ, ಕಮಲಾಪುರ ಕಡೆ ಹೋಂಸ್ಟೇ ನಡೆಸುವವರು ವಿದೇಶಿ ಅತಿಥಿ ಬಂದ 24 ಗಂಟೆಯೊಳಗೆ ಅವರ ವಿವರದ ಫಾರಂ ಆನ್‌ಲೈನಿನಲ್ಲಿ ತುಂಬಬೇಕು. ಅವರಿಗೆ ಬೇಕಿರುವುದು ಒಂದು ಬ್ರೌಸರು, ಒಂದು ಪ್ರಿಂಟರು. ಇಂಥ ಕೆಲಸಕ್ಕೆ ಹತ್ತು ವರ್ಷದ ಲ್ಯಾಪ್‌ಟಾಪಿಗೆ ಸಾಟಾ ಎಸ್‌ಎಸ್‌ಡಿ ಹಾಕಿ ಲಿನಕ್ಸ್ ಮಿಂಟ್ ಹಾಕಿಕೊಟ್ಟರೆ ಚೆನ್ನಾಗಿ ಓಡುತ್ತದೆ. ಕನ್ನಡ ಬರೆಯಲು ಕಗಪ ವಿನ್ಯಾಸ ಅದರಲ್ಲೇ ಇದೆ, ನುಡಿಯಲ್ಲಿ ಬೆರಳು ಪಳಗಿದವರಿಗೆ ಹೊಸದಾಗಿ ಕಲಿಯಬೇಕಾದ್ದು ಕಡಿಮೆ. 2014ಕ್ಕಿಂತ ಹಿಂದಿನ ಯಂತ್ರಕ್ಕೆ ಎನ್‌ವಿಎಂಇ ತರಬೇಡಿ. ಅಡಾಪ್ಟರ್ ಹಾಕಿ ಡಿಸ್ಕ್ ಕಾಣುವಂತೆ ಮಾಡಿದರೂ ಅಂಥ ಹೆಚ್ಚಿನ ಬಯೋಸುಗಳಿಗೆ ಅದರಿಂದ ಬೂಟ್ ಮಾಡಲು ಬರುವುದಿಲ್ಲ.

ಲಿನಕ್ಸಿಗೂ ಡಿಸ್ಕ್ ಕಾಣದ ಒಂದು ಸಂದರ್ಭವಿದೆ. 10ನೇ ತಲೆಮಾರು ಮತ್ತು ಅದಕ್ಕಿಂತ ಹಿಂದಿನ ಕೆಲವು ಲ್ಯಾಪ್‌ಟಾಪುಗಳಲ್ಲಿ ಬಯೋಸ್ ಆರ್‌ಎಸ್‌ಟಿ ಅಥವಾ ರೇಡ್ ಎಂದಿದ್ದರೆ ಎನ್‌ವಿಎಂಇ ಡಿಸ್ಕ್ ಮರೆಯಾಗುತ್ತದೆ. ಉಬುಂಟುವಿನ ಇನ್‌ಸ್ಟಾಲರ್ ಆರ್‌ಎಸ್‌ಟಿ ಆಫ್ ಮಾಡಿ ಎಂದು ತಾನೇ ಹೇಳಿ ನಿಲ್ಲುತ್ತದೆ. ಎಎಚ್‌ಸಿಐ ಮಾಡಿದರೆ ಸರಿ. ಒಳಗಿನ ವಿಂಡೋಸನ್ನೂ ಉಳಿಸಿಕೊಳ್ಳಬೇಕಾದರೆ ಮೊದಲು ವಿಂಡೋಸಿನಲ್ಲಿ ಎಂಎಸ್‌ಕಾನ್ಫಿಗ್ ತೆರೆದು ಬೂಟ್ ಪುಟದಲ್ಲಿ ಸೇಫ್ ಬೂಟಿಗೆ ಟಿಕ್ ಹಾಕಿ. ರೀಸ್ಟಾರ್ಟ್ ಆಗುವಾಗ ಬಯೋಸಿಗೆ ಹೋಗಿ ಎಎಚ್‌ಸಿಐ ಮಾಡಿ. ವಿಂಡೋಸ್ ಒಂದು ಸಲ ಸೇಫ್ ಮೋಡಿನಲ್ಲಿ ಎದ್ದು ಹೊಸ ಡ್ರೈವರನ್ನು ಹಚ್ಚಿಕೊಳ್ಳುತ್ತದೆ. ಆಮೇಲೆ ಟಿಕ್ ತೆಗೆದು ಮತ್ತೊಮ್ಮೆ ರೀಸ್ಟಾರ್ಟ್ ಮಾಡಿ.

ಲಗ್ನಪತ್ರಿಕೆಯ ಎಕ್ಸ್‌ಪಿ

ಹೊಸಪೇಟೆಯ ಡಿಟಿಪಿ ಅಂಗಡಿಗಳಲ್ಲಿ ಪೇಜ್‌ಮೇಕರ್ ಇನ್ನೂ ಉಸಿರಾಡುತ್ತಿದೆ. ಇಪ್ಪತ್ತು ವರ್ಷದ ಲಗ್ನಪತ್ರಿಕೆ, ಗೃಹಪ್ರವೇಶದ ಕಾರ್ಡು, ಜಾತ್ರೆಯ ಕರಪತ್ರಗಳ ಫೈಲುಗಳು ಹಳೆಯ ನುಡಿ ಫಾಂಟುಗಳಲ್ಲಿವೆ. ಮುಹೂರ್ತ, ಹೆಸರು, ಊರು ಬದಲಿಸಿದರೆ ಹೊಸ ಪತ್ರಿಕೆ ಸಿದ್ಧ. ಹಳೆಯ ಡಬ್ಬಿ ಸತ್ತಾಗ ಹೊಸ ಕಂಪ್ಯೂಟರಿಗೇ ಎಕ್ಸ್‌ಪಿ ಹಾಕಿಕೊಡಿ ಎಂದು ಬರುತ್ತಾರೆ.

ಎಕ್ಸ್‌ಪಿಯ ಕಾಲದಲ್ಲಿ ಡ್ರೈವರ್ ಕೊಡುವ ರೀತಿಯೇ ಬೇರೆ ಇತ್ತು. ಸೆಟಪ್ಪಿನ ನೀಲಿ ಪರದೆ ಶುರುವಾಗುತ್ತಲೇ ಕೆಳಗೆ ಎಫ್6 ಒತ್ತಿ ಎಂಬ ಸಾಲು ಕೆಲವು ಕ್ಷಣ ಬಂದು ಹೋಗುತ್ತಿತ್ತು. ಅಷ್ಟರಲ್ಲಿ ಒತ್ತಿದರೆ, ಎ ಡ್ರೈವಿಗೆ ಡ್ರೈವರ್ ಇರುವ ಫ್ಲಾಪಿ ಹಾಕು ಎನ್ನುತ್ತಿತ್ತು. ತಪ್ಪಿಸಿಕೊಂಡರೆ ಸೊನ್ನೆ ಎಕ್ಸಿನ ಮುಂದೆ ಆರು ಸೊನ್ನೆ ಸಾಲಾಗಿ ಬಂದು 7ಬಿ ಎಂದು ಮುಗಿಯುವ ಕೋಡಿನ ನೀಲಿ ಪರದೆ. ಇಂಟೆಲಿನ ಇಂದಿನ ವಿಎಂಡಿ ಫೋಲ್ಡರಿನ ಹೆಸರಿನಲ್ಲೂ ಆ ಎಫ್6 ಇದೆ, ಫ್ಲಾಪಿಯ ಇಂಗ್ಲಿಷ್ ಅಕ್ಷರಗಳೂ ಇವೆ. ಫ್ಲಾಪಿ ಹೋಗಿ ಎಷ್ಟೋ ವರ್ಷವಾಯಿತು, ಹೆಸರು ಉಳಿದಿದೆ.

ಸ್ವಲ್ಪ ಹಳೆಯ ಬೋರ್ಡ್ ಆದರೆ ಬಯೋಸಿನಲ್ಲಿ ಸಾಟಾವನ್ನು ಐಡಿಇ ಎಂದು ಮಾಡಿದರೆ ಸಾಕು, ಎಕ್ಸ್‌ಪಿಗೆ ಡಿಸ್ಕ್ ಕಾಣುತ್ತದೆ. ಹೊಸ ಬೋರ್ಡುಗಳಲ್ಲಿ ಐಡಿಇ ಆಯ್ಕೆಯೇ ಇಲ್ಲ. ಅಲ್ಲಿ ಎಕ್ಸ್‌ಪಿಯೊಂದಿಗೆ ಗುದ್ದಾಡುವುದು ಬೇಡ. ವಿಂಡೋಸ್ 11 ಅಥವಾ ಲಿನಕ್ಸ್ ಹಾಕಿ, ಅದರೊಳಗೆ ವರ್ಚುವಲ್‌ಬಾಕ್ಸ್ ಹಾಕಿ, ಅದರೊಳಗೆ ಎಕ್ಸ್‌ಪಿ ಇಡಿ. ವರ್ಚುವಲ್‌ಬಾಕ್ಸ್ ತಾನೇ ಒಂದು ಹಳೆಯ ಕಂಪ್ಯೂಟರಿನ ವೇಷ ಹಾಕುತ್ತದೆ. ಸ್ಟೋರೇಜ್ ಪುಟದಲ್ಲಿ ಕಂಟ್ರೋಲರ್ ಐಡಿಇ, ಮಾದರಿ ಪಿಐಐಎಕ್ಸ್4 ಎಂದು ಇಟ್ಟರೆ ಎಕ್ಸ್‌ಪಿಗೆ ಅದು ಬಾಲ್ಯದ ಗೆಳೆಯ. ಫ್ಲಾಪಿಯಿಲ್ಲ, ಎಫ್6 ಇಲ್ಲ, ಡಿಸ್ಕ್ ಸಲೀಸಾಗಿ ಕಾಣುತ್ತದೆ. ಎಕ್ಸ್‌ಪಿಗೆ ಇಂಟರ್‌ನೆಟ್ ಕೊಡಬೇಡಿ, 2014ರ ಏಪ್ರಿಲ್ 8ಕ್ಕೆ ಅದರ ಬೆಂಬಲ ನಿಂತಿದೆ. ಪೇಜ್‌ಮೇಕರಿನಿಂದ ಪಿಡಿಎಫ್ ಮಾಡಿ ಹಂಚಿದ ಫೋಲ್ಡರಿಗೆ ಹಾಕಿ, ಹೊರಗಿನ ವಿಂಡೋಸಿನಿಂದ ಪ್ರಿಂಟ್ ತೆಗೆಯಿರಿ. ಯುಎಸ್‌ಬಿ ಡಾಂಗಲ್ ಇದ್ದರೆ ಅದನ್ನು ಒಳಗೆ ಕಳಿಸುವ ಆಯ್ಕೆಯೂ ಇದೆ. ಇಡೀ ಎಕ್ಸ್‌ಪಿ ಒಂದೇ ದೊಡ್ಡ ಫೈಲಾಗಿರುವುದರಿಂದ ಹೊರಗಿನ ಡಿಸ್ಕಿಗೆ ನಕಲು ತೆಗೆದಿಟ್ಟರೆ, ಮುಂದಿನ ಕಂಪ್ಯೂಟರಿಗೂ ಅದೇ ಅಂಗಡಿ ಹಾಗೇ ಹೋಗುತ್ತದೆ.

ಸಂಡೂರಿನ ವೇಬ್ರಿಜ್

ಲಾರಿ ತೂಗುವ ವೇಬ್ರಿಜ್ ಕಂಪ್ಯೂಟರಿಗೆ ಮಾತ್ರ ಈ ವರ್ಚುವಲ್‌ಬಾಕ್ಸ್ ಉಪಾಯ ಹಚ್ಚಲು ನನಗೆ ಧೈರ್ಯ ಸಾಲುವುದಿಲ್ಲ. ಅದಿರಿನ ಲಾರಿ ತಟ್ಟೆಯ ಮೇಲೆ ನಿಂತಾಗ ಇಂಡಿಕೇಟರಿನಿಂದ ತೂಕ ಸೀರಿಯಲ್ ಪೋರ್ಟಿನ ಮೂಲಕ ನೇರ ಸಾಫ್ಟ್‌ವೇರಿಗೆ ಬರಬೇಕು. ನಡುವೆ ಒಂದು ಪದರ ಹೆಚ್ಚಾದರೆ, ಸಾಲಾಗಿ ಲಾರಿ ನಿಂತಾಗ ಎಲ್ಲಿ ತಪ್ಪಿದೆ ಎಂದು ಹುಡುಕುತ್ತ ಕೂರಬೇಕಾಗುತ್ತದೆ. ಮೊದಲು ಸಾಫ್ಟ್‌ವೇರ್ ಕೊಟ್ಟವರನ್ನು ಕೇಳಿ, ವಿಂಡೋಸ್ 10 ಅಥವಾ 11ರಲ್ಲಿ ಓಡುವ ಆವೃತ್ತಿ ಇದೆಯೇ ಎಂದು. ಇದ್ದರೆ ಅದೇ ಸರಿ. ಇಲ್ಲವೇ ಇಲ್ಲ, ವಿಂಡೋಸ್ 7 ಬೇಕೇ ಬೇಕು ಎಂದಾದಾಗ ಮುಂದಿನದು.

ಹೊಸ ಬೋರ್ಡಿಗೆ ವಿಂಡೋಸ್ 7ರ ಪೆನ್‌ಡ್ರೈವ್ ಹಾಕಿದರೆ ಮೌಸ್ ಅಲ್ಲಾಡುವುದಿಲ್ಲ. ಆಮೇಲೆ ಸಿಡಿ ಡ್ರೈವಿನ ಡ್ರೈವರ್ ಇಲ್ಲ ಎಂಬ ಸಂದೇಶ ಬರುತ್ತದೆ. ಸಿಡಿ ಡ್ರೈವೇ ಇಲ್ಲದ ಯಂತ್ರದಲ್ಲಿ ಇದೆಂಥ ಮಾತು ಎಂದು ತಲೆ ಕೆಡಿಸಿಕೊಳ್ಳಬೇಡಿ. ವಿಂಡೋಸ್ 7ಕ್ಕೆ ಯುಎಸ್‌ಬಿ 3 ಗೊತ್ತಿಲ್ಲ, ಹಾಗಾಗಿ ತಾನು ಯಾವ ಪೆನ್‌ಡ್ರೈವಿನಿಂದ ಬಂತೋ ಅದನ್ನೇ ಕಳೆದುಕೊಂಡಿರುತ್ತದೆ. ನೀಲಿ ಬಣ್ಣದ ಪೋರ್ಟ್ ಬಿಟ್ಟು ಕಪ್ಪು ಪೋರ್ಟಿಗೆ ಹಾಕಿದರೆ ಹಳೆಯ ಬೋರ್ಡುಗಳಲ್ಲಿ ಸರಿಹೋಗುತ್ತದೆ. 2015ರ ಸ್ಕೈಲೇಕ್ ಕಾಲದ ಇಂಟೆಲ್ ಬೋರ್ಡುಗಳಿಂದ ಈಚೆಗೆ ಹಳೆಯ ಯುಎಸ್‌ಬಿ ಕಂಟ್ರೋಲರನ್ನೇ ತೆಗೆದಿದ್ದಾರೆ. ಅಲ್ಲಿ ಯುಎಸ್‌ಬಿ 3 ಡ್ರೈವರನ್ನು ಇನ್‌ಸ್ಟಾಲರಿನೊಳಗೆ ಬೆರೆಸಬೇಕು. ದುಂಡನೆಯ ಪಿಎಸ್2 ಕೀಬೋರ್ಡ್ ಒಂದು ಕೈಯಲ್ಲಿದ್ದರೆ ಬಹಳ ಅನುಕೂಲ.

ಡಿಸ್ಕಿನ ವಿಚಾರದಲ್ಲಿ ನನ್ನ ಸಲಹೆ ಒಂದೇ. ಎನ್‌ವಿಎಂಇ ಬಿಟ್ಟು ಎರಡೂವರೆ ಇಂಚಿನ ಸಾಟಾ ಎಸ್‌ಎಸ್‌ಡಿ ತನ್ನಿ. ಬಯೋಸಿನಲ್ಲಿ ಎಎಚ್‌ಸಿಐ ಇಡಿ, ಹಳೆಯ ರೀತಿಯ ಬೂಟಿಗೆ ಅವಕಾಶ ಕೊಡುವ ಸಿಎಸ್‌ಎಂ ಆನ್ ಮಾಡಿ. ಎಎಚ್‌ಸಿಐ ಡ್ರೈವರ್ ವಿಂಡೋಸ್ 7ರೊಳಗೇ ಇದೆ, ಡಿಸ್ಕ್ ಕಾಣುತ್ತದೆ. ತೂಕದ ಚೀಟಿ ಬರೆಯುವ ಕೆಲಸಕ್ಕೆ ಸಾಟಾ ವೇಗ ಬೇಕಾದಷ್ಟು. ಎನ್‌ವಿಎಂಇಯೇ ಇದ್ದು ಬದಲಿಸಲು ಆಗದಿದ್ದರೆ ಮೈಕ್ರೋಸಾಫ್ಟಿನ ಕೆಬಿ 2990941 ಮತ್ತು ಕೆಬಿ 3087873 ಎಂಬ ಎರಡು ತೇಪೆಗಳನ್ನು ಇನ್‌ಸ್ಟಾಲ್ ಫೈಲುಗಳಲ್ಲಿ ಸೇರಿಸಬೇಕು. ಬೂಟ್ ಎಂಬ ವಿಮ್ ಫೈಲಿಗೆ ಮಾತ್ರ ಸೇರಿಸಿ, ಇನ್‌ಸ್ಟಾಲ್ ಎಂಬ ವಿಮ್ ಫೈಲನ್ನು ಮರೆಯುವವರು ಬಹಳ. ಆಗ ಸೆಟಪ್ಪಿನಲ್ಲಿ ಡಿಸ್ಕ್ ಕಂಡು, ಕಾಪಿಯೂ ಆಗಿ, ಮೊದಲ ರೀಸ್ಟಾರ್ಟಿನಲ್ಲೇ 7ಬಿ ನೀಲಿ ಪರದೆ ಬರುತ್ತದೆ. ಹೊರಗಿನವನಿಗೆ ಬಾಗಿಲು ಗೊತ್ತಿತ್ತು, ಒಳಗೆ ಬಂದು ಉಳಿದವನಿಗೆ ಗೊತ್ತಿಲ್ಲ. ಎರಡಕ್ಕೂ ಸೇರಿಸಿ.

2020ರ ಜನವರಿ 14ರ ನಂತರ ವಿಂಡೋಸ್ 7ಕ್ಕೂ ಬೆಂಬಲವಿಲ್ಲ. ಹಾಗಾಗಿ ವೇಬ್ರಿಜ್ ಕಂಪ್ಯೂಟರಿನಲ್ಲಿ ಯೂಟ್ಯೂಬ್ ಬೇಡ, ಇಮೇಲ್ ಬೇಡ. ಕೆಲಸ ಮುಗಿದ ಮೇಲೆ ಇಡೀ ಡಿಸ್ಕಿನ ನಕಲನ್ನು ಇನ್ನೊಂದು ಸಾಟಾ ಡಿಸ್ಕಿಗೆ ತೆಗೆದು ಬೀರುವಿನಲ್ಲಿಡಿ. ಬಯೋಸಿನ ಬ್ಯಾಟರಿ ಸೋತು ಸೆಟ್ಟಿಂಗುಗಳೆಲ್ಲ ಮೊದಲಿನ ಸ್ಥಿತಿಗೆ ಹೋಗುವುದುಂಟು. ಆಗ ಬಂದವರು ಮತ್ತೆ ‘ಡಿಸ್ಕ್ ಡೆಡ್’ ಎನ್ನಬಾರದೆಂದು ಡಬ್ಬಿಯ ತಗಡಿನ ಒಳಬದಿಗೆ ಒಂದು ಚೀಟಿ ಅಂಟಿಸುತ್ತೇನೆ. ಸಂಡೂರಿನ ಒಂದು ಡಬ್ಬಿಯಲ್ಲಿ ಬರೆದಿರುವುದು ಇಷ್ಟು: ಸಾಟಾ ಎಎಚ್‌ಸಿಐ. ಸಿಎಸ್‌ಎಂ ಆನ್. ಪೆನ್‌ಡ್ರೈವ್ ಕಪ್ಪು ಪೋರ್ಟಿಗೆ. ಡಿಸ್ಕ್ ಕಾಣದಿದ್ದರೆ ಮೊದಲು ಧೂಳು ಒರೆಸಿ, ಕೇಬಲ್ ಒತ್ತಿ, ಬಯೋಸ್ ನೋಡಿ. ಫಾರ್ಮ್ಯಾಟ್ ಹೊಡೆಯಬೇಡಿ. ನಕಲು ಡಿಸ್ಕ್ ಬೀರುವಿನ ಮೇಲಿನ ಅರೆಯಲ್ಲಿದೆ.